ಮೋನಪ್ಪ ಚಾಕು ಮುಗಿಸಿದ್ದು

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಇಂಥ ಪೆದ್ದ ನಮ್ಮೂರು ಬಿಟ್ಟು ಬೇರೆಲ್ಲೂ ಹುಟ್ಟಿಲ್ಲ. ನಿಮ್ಮೂರಲ್ಲಿದ್ದರೆ ಕರಕೊಂಡು ಬನ್ನಿ, ನಮ್ಮವನ ಪಕ್ಕ ನಿಲ್ಲಿಸಿ ನೋಡೇಬಿಡೋಣ.

ಕಮ್ಮಾರರ ಕಾಳಕ್ಕನಿಗೆ ಒಬ್ಬನೇ ಮಗ, ಮೋನಪ್ಪ. ತೋಳೂ ಕಬ್ಬಿಣ, ತಲೆಯೂ ಕಬ್ಬಿಣ. ಅಪ್ಪ ಸತ್ತ ಮೇಲೆ ಅವನಿಗೆ ಹೆಣ್ಣು ಕೊಡೋರೇ ಇರಲಿಲ್ಲ. ಕೊನೆಗೂ ಪಕ್ಕದೂರಿನ ಸಿಂಗ್ರಾಚಾರಿ ಒಪ್ಪಿದ, ಒಪ್ಪುತ್ತಾ ಒಂದು ಮಾತು ಸೇರಿಸಿದ. ಮದುವೆ ಗಂಡು ತುದಿಗೆ ನಿಂಬೆಹಣ್ಣು ಚುಚ್ಚಿ ಹಿಡಕೊಳ್ಳೋ ಚಾಕು ಇದೆಯಲ್ಲ, ಅವರ ಮನೆತನದಲ್ಲಿ ಅದನ್ನು ಗಂಡೇ ಕೈಯಾರೆ ಮುಗಿಸಬೇಕು. ಸೋಮವಾರ ಬರ್ತೀನಿ, ಚಾಕು ಸರಿಯಿದ್ದರೆ ಅಲ್ಲೇ ತಾಂಬೂಲ, ಇಲ್ಲದಿದ್ದರೆ ಬಂದ ದಾರಿ, ಅಂದ.

ಅಪ್ಪ ಮಾಡಿಟ್ಟಿದ್ದ ಮಡಚುವ ಚಾಕು ಗೂಡಿನಲ್ಲಿತ್ತು. ಬೀಟೆ ಹಿಡಿಗೆ ಅಲಗು ಕೂಡಿಸಿ ಆಗಿತ್ತು. ಕೀಲು ಬಿಗಿ, ಅಲಗು ಮೊಂಡು, ಅಷ್ಟೇ ಬಾಕಿ. ಇಷ್ಟನ್ನು ಕುರಿಯೂ ಮಾಡೀತು ಅಂದುಕೊಂಡಳು ಕಾಳಕ್ಕ.

"ಕೀಲಿಗೆ ಎಣ್ಣೆ ಕುಡಿಸೋ, ಸಾಕು ಅನ್ನೋವರೆಗೂ ಕುಡಿಸು" ಅಂತ ಹೇಳಿ ಸೊಪ್ಪಿಗೆ ಹೋದಳು. ಬಂದು ನೋಡಿದರೆ ವರ್ಷಕ್ಕಾಗೋ ಹರಳೆಣ್ಣೆಯೆಲ್ಲ ತಪ್ಪಲೆಯಲ್ಲಿ, ಚಾಕು ಅದರ ತಳದಲ್ಲಿ. ಮೋನಪ್ಪ ಕಿವಿಗೊಟ್ಟು ಕೂತಿದ್ದ.

"ಇನ್ನೂ ಸಾಕು ಅಂದಿಲ್ಲ ಅವ್ವ."

ಕಾಳಕ್ಕ ಸೌದೆ ಎತ್ತಿಕೊಂಡಳು. ಬೆನ್ನಿಗೆರಡು ಬಿಟ್ಟು, ಎಣ್ಣೆ ಮಿಂಚೋದು ಕಂಡರೆ ಬೂದಿ ಹಾಕಿ ತಿಕ್ಕಬೇಕು, ಜಿಡ್ಡು ಬಿಡೋವರೆಗೂ ತಿಕ್ಕಬೇಕು ಅಂತ ಕೂಗಾಡಿದಳು. ಆಗಲಿ ಅವ್ವ ಅಂದ. ಚಾಕು ತಿಕ್ಕಿದ.

ಮಾರನೇ ದಿನ ಪೈಲ್ವಾನ್ ಬೋರಯ್ಯ ಕುಡುಗೋಲಿಗೆ ಅಂತ ಒಯ್ದಿದ್ದ ಸಾಣೆಕಲ್ಲು ತರೋಕೆ ಕಳಿಸಿದಳು. ಬೋರಯ್ಯ ಮೈಗೆಲ್ಲ ಎಣ್ಣೆ ನೀವಿಕೊಂಡು, ಜಗಲಿ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಫಳಫಳ ಮಿಂಚುತ್ತಿದ್ದ. ಮೋನಪ್ಪ ಸುಮ್ಮನಿದ್ದಾನಾ? ಹಂಡೆ ಒಲೆಯ ಬೂದಿ ಮೊರದ ತುಂಬ ತಂದ, ತೆಂಗಿನ ನಾರು ತಂದ, ಎದೆಯಿಂದಲೇ ಶುರುಮಾಡಿದ. ಬೋರಯ್ಯ ಅವನನ್ನೆತ್ತಿ ತಿಪ್ಪೆಗೆ ಎಸೆದ, ಹಿಂದೆಯೇ ಸಾಣೆಕಲ್ಲು ಎಸೆದ. ಆಮೇಲೆ ಕಾಳಕ್ಕನ ಬಾಗಿಲಿಗೇ ಬಂದು ಮೂರು ತಲೆಮಾರನ್ನೂ ಬೈದು ತೊಳೆದು ಹೋದ.

ಕಾಳಕ್ಕ ಹಲ್ಲು ಕಚ್ಚಿದಳು. "ಮನುಷ್ಯರ ಮೈ ಮುಟ್ಟಬೇಡ್ವೋ ಮುಂಡೇದೆ. ಅಲಗು ಮಸೆ, ಕೂದಲ ಮೇಲೆ ಎಳೆದು ನೋಡು. ಕೂದಲಿರೋವರೆಗೂ ಕೆಲಸ ಮುಗಿದಿಲ್ಲ ಅಂತ ತಿಳ್ಕೋ."

ಭಾನುವಾರ ಬೆಳಗಿನಿಂದ ಮಸೆದ. ಮಸೆದ, ಎಳೆದ, ಮುಂಗೈ ಬೋಳಾಯಿತು. ಮಸೆದ, ಎಳೆದ, ಕಾಲು ಬೋಳಾಯಿತು. ಸುತ್ತ ನೋಡಿದ. ಬೀಗರು ಕೂರಲಿ ಅಂತ ತಂದಿಟ್ಟ ಹೊಸ ಕಂಬಳಿ ಮೂಲೆಯಲ್ಲಿತ್ತು, ಮೈತುಂಬ ಕೂದಲು. ಅಂದರೆ ಕೆಲಸ ಮುಗಿದಿಲ್ಲ. ಸಂಜೆಗೆ ಕಂಬಳಿ ಜರಡಿಯಾಗಿತ್ತು.

ಕಾಳಕ್ಕ ಬೈಯೋಕೆ ಬಾಯಿ ತೆರೆದವಳು ಅಲಗು ನೋಡಿ ತಡೆದಳು. ಗಂಡ ಬದುಕಿದ್ದಾಗಲೂ ಕುಲುಮೆಯಲ್ಲಿ ಅಂಥ ಹರಿತ ಎದ್ದಿರಲಿಲ್ಲ. ಅಷ್ಟರಲ್ಲಿ ಪೆದ್ದ ಚಾಕುವನ್ನು ಅವಳ ಕೈಗೇ ಚಾಚಿದ. ಎದ್ದಿತು ಮತ್ತೆ ಸಿಟ್ಟು.

"ಕೈಯಿಂದ ಕೈಗೆ ಕೊಡ್ತೀಯೇನೋ, ಜಗಳ ಹುಟ್ಟುತ್ತೆ. ನೆಲಕ್ಕಿಡು, ಬೇಕಾದೋರು ಎತ್ತಿಕೊಳ್ತಾರೆ. ನಾಳೆ ಬೀಗರೆದುರು ಕೈಯಿಂದ ಕೈಗೆ ಏನಾದರೂ ಹೋಯಿತೋ, ನಿನ್ನ ಕೈ ಮುರೀತೀನಿ."

ಸೋಮವಾರ ಸಿಂಗ್ರಾಚಾರಿ ಬಂದ. ಮೋನಪ್ಪ ಚಾಕು ನೆಲಕ್ಕಿಟ್ಟ, ಆತ ಎತ್ತಿಕೊಂಡ. ಹೆಬ್ಬೆರಳು ತಾಗಿಸಿದ್ದೇ ತಡ, ಅಲಗು ಟಕ್ಕನೆ ತೆರೆಯಿತು. ತಾನೇ ತಂದಿದ್ದ ನಿಂಬೆಹಣ್ಣಿಗೆ ಸುಮ್ಮನೆ ಸೋಕಿಸಿದ, ಎರಡು ಹೋಳು. ಇದು ಇವನ ಕೈಯದೇನಾ ಅಂತ ಮೂರು ಸಲ ಕೇಳಿದ. ಕೇಳಿ, ಎದ್ದು ನಿಂತು, ಎರಡೂ ಕೈಯಲ್ಲಿ ತಾಂಬೂಲ ಚಾಚಿದ. ಕಾಳಕ್ಕನ ಕಣ್ಣು ತುಂಬಿತು.

ಮೋನಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ನೆಲಕ್ಕಿಡಿ ಮಾವ."

ಸಿಂಗ್ರಾಚಾರಿಯ ಮುಖ ಇದ್ದಲಾಯಿತು. "ತಾಂಬೂಲವನ್ನ ನಾಯಿಗೆ ಅನ್ನ ಇಟ್ಟ ಹಾಗೆ ಇಡಬೇಕೇನಯ್ಯ? ನಾಳೆ ಧಾರೆ ಎರೆಯೋವಾಗ ನನ್ನ ಮಗಳನ್ನ?"

"ಅವರನ್ನೂ ನೆಲಕ್ಕಿಡಿ ಮಾವ, ನಾನೇ ಎತ್ತಿಕೊಳ್ತೀನಿ."

ಕಾಳಕ್ಕ ಸೌದೆ ಹುಡುಕೋಕೆ ಒಳಗೋಡಿದಳು. ಸಿಂಗ್ರಾಚಾರಿ ತಾಂಬೂಲವನ್ನು ಮತ್ತೆ ಹೆಗಲ ವಲ್ಲಿಗೆ ಕಟ್ಟಿಕೊಂಡ, ಚಪ್ಪಲಿ ಮೆಟ್ಟಿದ, ಹೊಸ್ತಿಲಲ್ಲಿ ಬಗ್ಗಿದ.

ಮೋನಪ್ಪನಿಗೆ ಕೊನೆಗೆ ಆತ ಕೊಟ್ಟಿದ್ದು ಅರ್ಧ ನಿಂಬೆಹಣ್ಣು. ಅದನ್ನೂ ನೆಲಕ್ಕಿಟ್ಟೇ ಕೊಟ್ಟ.