ಮಂಜಿನಲ್ಲಿ ಕರೆದ ಕೈಗಳು

“ಅವ್ವಾ, ನೀವು ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಂಡು ಹೋದರೆ ಸಾಕಲ್ಲವೇ? ನಡುವೆ ನಾನು ಬೇರೆ ಏನಾದರೂ ಯೋಚಿಸಬೇಕೇ?”

ಹೀಗೆ ಕೇಳಿದವಳು ನೀಲಾಂಬಿಕೆ. ಏಳು ವರ್ಷದಿಂದ ಅವ್ವನವರ ಶಿಷ್ಯೆ. ಕೆಲಸ ಬಿಟ್ಟು, ಮನೆ ಬಿಟ್ಟು, ಇನ್ನು ಮುಂದೆ ಅವ್ವನವರ ಬಳಿಯಲ್ಲೇ ಇದ್ದುಬಿಡುವುದೆಂದು ತೀರ್ಮಾನಿಸಿ ಬಂದಿದ್ದಳು. ಅವ್ವ ಹೂಂ ಅಂದರೆ ಮುಗಿಯಿತು.

ಅವ್ವ ಹೂಂ ಅನ್ನಲಿಲ್ಲ. ಉಹೂಂ ಅನ್ನಲೂ ಇಲ್ಲ. “ಕೂತುಕೋ,” ಎಂದು ಕತೆ ಶುರು ಮಾಡಿದರು.

ಒಬ್ಬ ಎತ್ತಿನ ವ್ಯಾಪಾರಿ ಇದ್ದ. ಅವನೊಂದು ಗಾಡಿ ಕೊಂಡ. ಎತ್ತಿನದಲ್ಲ, ಇಂಜಿನ್ನಿನ ಬಲಕ್ಕೆ ನಾಲ್ಕೂ ಚಕ್ರ ಎಳೆಯುವ ಮೋಟಾರು ಗಾಡಿ. ಬೆಟ್ಟ ಹತ್ತುತ್ತದೆ, ಹೊಳೆ ದಾಟುತ್ತದೆ ಎಂದು ಮಾರಿದವರು ಹೇಳಿದ್ದರು. ಎರಡು ವರ್ಷದಲ್ಲಿ ಆ ಗಾಡಿ ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ಕಲ್ಯಾಣ ಮಂಟಪದ ಎದುರಿನ ರಸ್ತೆಯುಬ್ಬು. ಹೆಂಡತಿ ಇದನ್ನು ನೆಂಟರ ಮುಂದೆ ಹೇಳಿ ನಗುತ್ತಿದ್ದಳು. ಆ ನಗು ತಡೆಯಲಾರದೆ ವ್ಯಾಪಾರಿ ಒಂದು ಭಾನುವಾರ ಅವಳನ್ನೂ ಕೂರಿಸಿಕೊಂಡು ಹತ್ತಿರದ ಬೆಟ್ಟಗಳಿಗೆ ಹೊರಟ.

ಅಲ್ಲೊಬ್ಬ ಗೈಡು ಇದ್ದ. ಸ್ವಂತ ಗಾಡಿ ತಂದವರನ್ನು ರಸ್ತೆಯಿಲ್ಲದ ಬೆಟ್ಟದ ಮೇಲೆ ಹತ್ತಿಸಿ, ಸಂಜೆಯೊಳಗೆ ಕೆಳಗಿಳಿಸಿ ಕಳಿಸುವುದು ಅವನ ಕೆಲಸ. ಅಂದು ಮೂರು ಗಾಡಿಗಳು. ಮುಂದೆ ಗೈಡಿನ ಹಳೆಯ ಜೀಪು. ನಡುವೆ ವ್ಯಾಪಾರಿ. ಹಿಂದೆ ಒಬ್ಬ ಡಾಕ್ಟರು.

ಹೊರಡುವ ಮುಂಚೆ ಗೈಡು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ. “ಕಷ್ಟದ ಜಾಗ ಬಂದಾಗ ನಾನು ಮೊದಲು ನನ್ನ ಜೀಪು ದಾಟಿಸುತ್ತೇನೆ. ಆಮೇಲೆ ಇಳಿದು ಬಂದು ನಿಮ್ಮ ಎದುರಿಗೆ ನಿಲ್ಲುತ್ತೇನೆ. ಕೈ ಮಾಡಿ ಕರೆಯುತ್ತೇನೆ. ಆದರೆ ನೀವು ಮೊದಲು ಕೈ ನೋಡಬಾರದು. ಕಾಲು ನೋಡಬೇಕು. ನಿಮಗೆ ನನ್ನ ಕಾಲು ಕಾಣುವಷ್ಟು ದೂರದಲ್ಲೇ ನಾನು ಯಾವಾಗಲೂ ನಿಲ್ಲುವುದು. ನಿಂತ ನೆಲವನ್ನು ಮೂರು ಸಲ ತುಳಿದು ತೋರಿಸುತ್ತೇನೆ. ಅದಾದ ಮೇಲೆ ಕೈ. ಕಾಲು ಕಾಣಲಿಲ್ಲವೋ, ಕೈ ಎಷ್ಟು ಕರೆದರೂ ಬರಬೇಡಿ. ಹ್ಯಾಂಡ್‌ಬ್ರೇಕ್ ಎಳೆದು ಕೂತುಬಿಡಿ.”

ಎಲ್ಲರಿಗೂ ಕಾಣಲೆಂದೇ ಅವನು ಹಳದಿ ಬಣ್ಣದ ಗಂಬೂಟು ಹಾಕಿದ್ದ.

ವ್ಯಾಪಾರಿಗೆ ನಗು ಬಂತು. “ಏನಪ್ಪಾ, ಕೈ ನೋಡುವುದನ್ನು ನನಗೇ ಕಲಿಸುತ್ತೀಯಾ? ಮೂವತ್ತು ವರ್ಷ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು ಎತ್ತು ಮಾರಿದವನು ನಾನು. ಬಾಯಲ್ಲಿ ಒಂದು ಮಾತಿಲ್ಲ, ಬೆಲೆಯೆಲ್ಲ ಬರೀ ಬೆರಳಲ್ಲಿ. ಕೈ ಸಿಕ್ಕರೆ ಸಾಕು, ಆಸಾಮಿ ಸಾಚಾನೋ ಕಳ್ಳನೋ ಹೇಳಿಬಿಡುತ್ತೇನೆ.”

“ಎತ್ತು ಕೊಳ್ಳುವಾಗ ಏನು ನೋಡುತ್ತೀರಿ, ಸಾಹುಕಾರ್ರೇ?”

“ಹಲ್ಲು. ಆಮೇಲೆ ಗೊರಸು.”

“ನನ್ನನ್ನೂ ಒಂದು ಎತ್ತು ಅಂದುಕೊಳ್ಳಿ,” ಎಂದ ಗೈಡು. “ಹಲ್ಲು ಬೇಡ. ಗೊರಸು ನೋಡಿದರೆ ಸಾಕು.”

ಹೆಂಡತಿ ಜೋರಾಗಿ ನಕ್ಕಳು. ವ್ಯಾಪಾರಿ ನಗಲಿಲ್ಲ.

“ಯಾಕಣ್ಣಾ, ಕೈ ನಂಬಿದರೆ ಏನಾಗುತ್ತದೆ?” ಎಂದು ಅವಳೇ ಕೇಳಿದಳು.

“ಕೈಗೆ ನಿಲ್ಲಲು ನೆಲ ಬೇಕಿಲ್ಲ, ಅಕ್ಕಾ,” ಎಂದು ಅವನು ಜೀಪು ಹತ್ತಿದ.

ಮೊದಲನೆಯ ಕಷ್ಟದ ಜಾಗ ಒಂದು ಬಂಡೆ. ವ್ಯಾಪಾರಿ ಹೆದರಿದ್ದ. ಹೆದರಿದವನು ಹೇಳಿದ ಮಾತು ಕೇಳುತ್ತಾನೆ. ಹಳದಿ ಗಂಬೂಟು ನೋಡಿದ, ಮೂರು ಸಲ ತುಳಿದ ಸದ್ದು ಕೇಳಿದ, ಆಮೇಲೆ ಕೈ ನೋಡಿದ. ಗಾಡಿ ಹತ್ತಿತು. ಎರಡನೆಯದು ಒಂದು ಹಳ್ಳ. ಅಲ್ಲಿ ಕಾಲನ್ನು ಅರ್ಧ ನೋಡಿದ, ಕೈಯನ್ನು ಪೂರ್ತಿ ನೋಡಿದ. ಗಾಡಿ ದಾಟಿತು.

ಮೂರನೆಯದರ ಹೊತ್ತಿಗೆ ಅವನಿಗೆ ಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಂಥ ಕೈ ಅದು. ಎರಡು ಬೆರಳು ಹೀಗೆ ತಿರುಗಿದರೆ ಸ್ಟೇರಿಂಗು ಎಷ್ಟು ತಿರುಗಬೇಕೋ ಅಷ್ಟೇ ತಿರುಗುತ್ತಿತ್ತು. ಅಂಗೈ ಮಲಗಿದರೆ ಗಾಡಿಯೂ ನಿಧಾನವಾಗುತ್ತಿತ್ತು. ಗಾಡಿ ಓಡಿಸುತ್ತಿರುವುದು ತಾನೋ ಅವನೋ ಎಂದು ವ್ಯಾಪಾರಿಗೆ ತಿಳಿಯದಂತಾಯಿತು. ಅದು ಬಹಳ ಸುಖದ ಸ್ಥಿತಿ.

“ಈ ಕೈ ಎದುರಿಗಿದ್ದರೆ ಕಣ್ಣು ಮುಚ್ಚಿ ಹತ್ತಿಸಿಬಿಡುತ್ತೇನೆ ಕಣೇ,” ಎಂದ.

“ಕಣ್ಣು ತೆರೆದೇ ಇರಲಿ. ನಾನೂ ಗಾಡಿಯಲ್ಲಿದ್ದೇನೆ,” ಎಂದಳು ಹೆಂಡತಿ.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡರು. ಉಳಿದದ್ದು ಕೊನೆಯ ಏರು. ಕಡಿದಾದ ಏರು. ಹತ್ತುವವನಿಗೆ ಬಾನೆಟ್ಟು ಕಾಣುತ್ತದೆ, ಅದರಾಚೆ ಆಕಾಶ. ನೆತ್ತಿ ಮುಟ್ಟಿದ ಕೂಡಲೇ ದಾರಿ ಬಲಕ್ಕೆ ತಿರುಗುತ್ತದೆ ಎಂದು ಗೈಡು ಹೇಳಿದ. ಜೀಪು ಹತ್ತಿಸಿಕೊಂಡು ಹೋದ. ನೆತ್ತಿಯಾಚೆ ಮರೆಯಾದ.

ಆಗ ಮಂಜು ಬಂತು.

ಹಿಂದಿನಿಂದ ಹಾರನ್ನು ಕೇಳಿಸಿತು. ಡಾಕ್ಟರ ಗಾಡಿಯ ಚಕ್ರ ಕೊರಕಲಿಗೆ ಇಳಿದಿತ್ತು. ಗೈಡು ಅದನ್ನು ಕೇಳಿ, ಹುಲ್ಲಿನ ನಡುವಿನ ಒಳದಾರಿಯಲ್ಲಿ ಕೆಳಗೆ ಓಡಿದ. ಅವನು ಇಳಿದು ಹೋದದ್ದು ವ್ಯಾಪಾರಿಗೆ ಕಾಣಲಿಲ್ಲ. ಗೈಡು ಮೇಲೆ ಇದ್ದಾನೆ ಎಂದೇ ಅವನು ತಿಳಿದಿದ್ದ.

ಸ್ವಲ್ಪ ಹೊತ್ತಾಯಿತು. ನೆತ್ತಿಯ ಮೇಲೆ, ಮಂಜಿನಲ್ಲಿ, ಎರಡು ಕೈಗಳು ಕಂಡವು.

“ಬಂದ ನೋಡು,” ಎಂದು ವ್ಯಾಪಾರಿ ಗೇರು ಹಾಕಿದ.

“ಕಾಲು?” ಎಂದಳು ಹೆಂಡತಿ.

“ಮಂಜಿದೆಯಲ್ಲೇ.”

“ಕಾಲು ಕಾಣದಿದ್ದರೆ ಬರಬೇಡಿ ಅಂದಿದ್ದನಲ್ಲ ರೀ.”

“ಅದೇ ಕೈ. ನನಗೆ ಗೊತ್ತಾಗುವುದಿಲ್ಲವೇ?”

ಅದೇ ಕೈ ಹೌದು. ಅದೇ ಎರಡು ಬೆರಳು, ಅದೇ ತಿರುವು. ಬಾ ಅಂದಿತು. ಗಾಡಿ ಹತ್ತಿತು. ಗಾಡಿ ಒಂದು ಮಾರು ಬಂದರೆ ಕೈ ಒಂದು ಮಾರು ಹಿಂದೆ ಸರಿಯುತ್ತಿತ್ತು. ಸರಿದು ಮತ್ತೆ ಕರೆಯುತ್ತಿತ್ತು. ಕರೆಯುವುದರಲ್ಲಿ ಅವಸರವಿರಲಿಲ್ಲ. ಮಗುವಿಗೆ ನಡೆಯಲು ಕಲಿಸುವವರು ಕರೆಯುತ್ತಾರಲ್ಲ, ಹಾಗೆ.

ನೆತ್ತಿ ಬಂತು. ಬಾನೆಟ್ಟು ತಗ್ಗಿತು. ಈಗ ನೆಲ ಕಾಣಬೇಕಿತ್ತು. ಬಾನೆಟ್ಟಿನ ಮುಂದೆ ಒಂದಿಷ್ಟು ಹುಲ್ಲು ಕಂಡಿತು. ಅದರಾಚೆ ಮಂಜು. ಮಂಜಿನಲ್ಲಿ ಕೈಗಳು. ಕೈಗಳಿಗೆ ತೋಳು. ತೋಳಿನ ಕೆಳಗೆ ಮಂಜು. ಬಲಕ್ಕೆ ತಿರುಗು ಎಂದು ಆ ಕೈ ಹೇಳಲಿಲ್ಲ. ನೇರ ಬಾ ಅಂದಿತು.

“ರೀ, ಈ ಸಲ ತುಳಿದ ಸದ್ದು ಕೇಳಿಸಲಿಲ್ಲ,” ಎಂದಳು ಹೆಂಡತಿ.

“ಇಂಜಿನ್ನಿನ ಸದ್ದಿನಲ್ಲಿ ಏನು ಕೇಳುತ್ತದೆ?”

“ಬೆಳಗ್ಗೆ ಇಂಜಿನ್ನು ಆಫ್ ಮಾಡಿದ್ದಿರಾ?”

ಅವನು ಕೈ ನೋಡುತ್ತಿದ್ದ. ಗಾಡಿ ಇನ್ನೊಂದು ಮಾರು ಹೋಯಿತು.

“ನಿಲ್ಲಿಸಿ. ನೀವು ಬೇಕಾದರೆ ಅವನ ಹಿಂದೆ ಹೋಗಿ. ನಾನು ಇಳಿದು ನಡೆದು ಬರುತ್ತೇನೆ,” ಎಂದಳು. ಹಟ ಹಿಡಿದರೆ ಅವಳು ಬಿಡುವವಳಲ್ಲ. ವ್ಯಾಪಾರಿ ಗೊಣಗಿಕೊಂಡು ಬ್ರೇಕು ಒತ್ತಿದ. ಅವಳು ತನ್ನ ಕಡೆಯ ಬಾಗಿಲು ತೆರೆದಳು. ಸೀಟಿನ ಅಂಚಿಗೆ ಸರಿದು, ಒಂದು ಕಾಲು ಹೊರಗೆ ಇಳಿಬಿಟ್ಟಳು.

ಹಾಗೇ ಕೂತಳು.

“ಇಳಿ ಮತ್ತೆ. ಏನು ನೋಡುತ್ತಿದ್ದೀಯಾ?”

ಅವಳು ಬಹಳ ಮೆಲ್ಲಗೆ ಹೇಳಿದಳು. “ನನ್ನ ಕಾಲಿಗೆ ನೆಲ ಸಿಗುತ್ತಿಲ್ಲ.”

ವ್ಯಾಪಾರಿಯ ಪಾದ ಬ್ರೇಕಿನ ಮೇಲೆ ಕಲ್ಲಾಯಿತು. ಅವನು ಹೆಂಡತಿಯ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ. ಬಾಗಿಲು ಮುಚ್ಚಲು ಇಬ್ಬರಿಗೂ ಧೈರ್ಯವಾಗಲಿಲ್ಲ. ಅದು ಶೂನ್ಯದ ಕಡೆಗೆ ತೆರೆದೇ ಇತ್ತು.

ಆಗ ಗಾಡಿಯ ಹಿಂಬದಿಯಲ್ಲಿ ನೆಲ ತುಳಿದ ಸದ್ದು ಕೇಳಿಸಿತು. ಮೂರು ಸಲ.

“ಸಾಹುಕಾರ್ರೇ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಇಳಿಯಬೇಡಿ. ಅಕ್ಕಾ, ಅವರ ಕಡೆಗೆ ಒರಗಿ ಕೂತುಕೊಳ್ಳಿ.” ಗೈಡಿನ ದನಿ. ಗಾಡಿ ಏರು ಹತ್ತುವ ಸದ್ದು ಕೇಳಿ ಅವನು ಕೆಳಗಿನಿಂದ ಓಡಿ ಬಂದಿದ್ದ. ಏದುಸಿರು ಬಿಡುತ್ತಿದ್ದ.

ಅವನು ಹಿಂದೆ ಇದ್ದ. ವ್ಯಾಪಾರಿ ಮುಂದೆ ನೋಡಿದ.

ಕೈಗಳು ಇನ್ನೂ ಕರೆಯುತ್ತಲೇ ಇದ್ದವು.

“ಮುಂದೆ ನೋಡಬೇಡಿ,” ಎಂದ ಗೈಡು. “ಏನು ಕಂಡರೂ ನೋಡಬೇಡಿ. ನಿಮ್ಮ ಬಲಗಡೆಯ ಕನ್ನಡಿಯಲ್ಲಿ ನನ್ನ ಕಾಲು ಕಾಣುತ್ತಿದೆಯಾ?”

ವ್ಯಾಪಾರಿ ಕನ್ನಡಿ ನೋಡಿದ. ಹುಲ್ಲಿನ ಮೇಲೆ ಎರಡು ಹಳದಿ ಗಂಬೂಟು.

“ಕಾಣುತ್ತಿದೆ.”

“ಅದನ್ನೇ ನೋಡಿಕೊಂಡು ಹಿಂದೆ ಬನ್ನಿ. ಅದು ಕಾಣದಾದರೆ ನಿಂತುಬಿಡಿ.”

ವ್ಯಾಪಾರಿ ಹಿಂದಿನ ಗೇರು ಹಾಕಿದ. ಮುಂದಿನಿಂದ ಕರೆಯುವ ಕೈಗೆ ಎದುರಾಗಿ ಹಿಂದಕ್ಕೆ ಹೋಗುವುದು ಅವನು ಎಂದೂ ಮಾಡಿದ ಕೆಲಸವಲ್ಲ. ಎಡಗಡೆ ಒಂದು ಹೆಂಟೆ ಮಣ್ಣು ಕಳಚಿ ಬಿತ್ತು. ಅದು ಬಿದ್ದ ಸದ್ದಿಗೆ ಹೆಂಡತಿ ಕಾದಳು. ಸದ್ದು ಬರಲಿಲ್ಲ. ಗಾಡಿ ಒಂದು ಮಾರು ಹಿಂದೆ ಬಂತು, ಎರಡು ಮಾರು ಬಂತು. ಗೈಡು ಸಾಕು ಅಂದಾಗ ವ್ಯಾಪಾರಿ ಇಳಿದ. ಹುಲ್ಲಿನ ಮೇಲೆ ಕೂತ.

ಗಾಳಿ ಬೀಸಿ ಮಂಜು ಹರಿದ ಮೇಲೆ ನೋಡಿದರು. ಎಡ ಚಕ್ರದ ಗುರುತು ಅಂಚಿನುದ್ದಕ್ಕೂ ಹೋಗಿತ್ತು. ಮುಂದೆ ಒಂದು ಗೇಣು ನೆಲ ಉಳಿದಿತ್ತು. ಅದರಾಚೆ ಏನೂ ಇರಲಿಲ್ಲ. ಯಾರೂ ಇರಲಿಲ್ಲ.

ಬೆಟ್ಟ ಇಳಿದು ಬಂದರು. ಕೆಳಗೆ ಚಹಾದ ಅಂಗಡಿಯಲ್ಲಿ ಕೂತು ವ್ಯಾಪಾರಿ ಕೇಳಿದ. “ಅದು ನಿನ್ನದೇ ಕೈ. ನಾನು ಆಣೆ ಮಾಡಿ ಹೇಳುತ್ತೇನೆ. ಇಲ್ಲದಿದ್ದರೆ ಯಾರ ಕೈ?”

ಗೈಡು ತನ್ನ ಕೈಗಳನ್ನು ನೋಡಿಕೊಂಡ. “ನಾನು ಕೈ ಮಾಡುವ ರೀತಿ ಒಬ್ಬರಿಂದ ಬಂದದ್ದು. ತಮ್ಮಯ್ಯಣ್ಣ ಅಂತ. ನನಗೆ ಈ ಕೆಲಸ ಕಲಿಸಿದವರು.”

“ಈಗ ಎಲ್ಲಿದ್ದಾರೆ?”

“ನೀವು ನೋಡಿದಿರಲ್ಲ.”

ಹೆಂಡತಿ ಚಹಾದ ಲೋಟ ಕೆಳಗಿಟ್ಟಳು.

“ಅವರಿದ್ದಾಗ ದಾರಿ ನೇರವಾಗಿಯೇ ಹೋಗುತ್ತಿತ್ತು,” ಎಂದ ಗೈಡು. “ಒಂದು ವರ್ಷ ಮಳೆಗೆ ಅಲ್ಲಿನ ನೆಲ ಕುಸಿಯಿತು. ಅವರಿಗೆ ಗೊತ್ತಿರಲಿಲ್ಲ. ಇಂಥದೇ ಮಂಜು. ಸ್ಟೇರಿಂಗು ಹಿಡಿದವನು ನಾನು. ಅವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ನನ್ನನ್ನು ಕರೆಯುತ್ತಿದ್ದರು. ಇಪ್ಪತ್ತು ವರ್ಷ ಅದೇ ಜಾಗದಲ್ಲಿ ನಿಂತು ಕರೆದವರು. ಕೆಳಗೆ ಯಾಕೆ ನೋಡುತ್ತಾರೆ? ಇನ್ನೊಂದು ಹೆಜ್ಜೆ ಹಿಂದೆ ಇಟ್ಟರು. ಅಷ್ಟೇ. ಕೈ ಮಾತ್ರ ಕೊನೆಯವರೆಗೂ ಬಾ ಅನ್ನುತ್ತಲೇ ಇತ್ತು.”

ವ್ಯಾಪಾರಿ ಹೇಳಿದ. “ಅದು ಮೋಸದ ಕೈ ಅಲ್ಲ. ಅಷ್ಟು ನಾನು ಬಲ್ಲೆ.”

“ಅಲ್ಲವೇ ಅಲ್ಲ. ಅವರು ತೋರಿಸುವುದು ಸರಿಯಾದ ದಾರಿಯೇ,” ಎಂದ ಗೈಡು. “ಈಗ ಅಲ್ಲಿ ನೆಲ ಇಲ್ಲ, ಸಾಹುಕಾರ್ರೇ.”

ಅವ್ವ ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

ನೀಲಾಂಬಿಕೆ ಬಹಳ ಹೊತ್ತು ಕಾದಳು. ಇನ್ನೂ ಮುಂದಿದೆ ಎಂದುಕೊಂಡಿದ್ದಳು. ಇಲ್ಲವೆಂದು ಖಚಿತವಾದ ಮೇಲೆ ಸ್ವಲ್ಪ ನೊಂದ ದನಿಯಲ್ಲಿ ಹೇಳಿದಳು. “ಕತೆ ತಿಳಿಯಿತು, ಅವ್ವಾ. ಆದರೆ ಅದು ನಮಗೆ ಹೇಗೆ ಹೊಂದುತ್ತದೆ? ಅವನು ಕೈ ನಂಬಿದ್ದು ಮಂಜಿನಲ್ಲಿ. ನಾನು ನಿಮ್ಮನ್ನು ಹಗಲು ಬೆಳಕಿನಲ್ಲಿ, ಇಷ್ಟು ಹತ್ತಿರದಿಂದ ನೋಡುತ್ತಿದ್ದೇನೆ.”

ಅವ್ವ ಕೇಳಿದರು. “ದಿನಾ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ನನ್ನ ಕಾಲಿಗೆ ಬೀಳುತ್ತೀಯಲ್ಲ, ಅವು ನೆಲದ ಮೇಲೆ ಇವೆಯೇ ಎಂದು ಒಮ್ಮೆಯಾದರೂ ನೋಡಿದ್ದೀಯಾ?”

ನೀಲಾಂಬಿಕೆಯ ಕಣ್ಣು ಅವ್ವನವರ ಮುಖದ ಮೇಲೇ ಉಳಿಯಿತು. ಕೆಳಗೆ ನೋಡಲು ಧೈರ್ಯ ಬರಲಿಲ್ಲ.