ಕೊಲೆಗಾರ ಸಿಗದ ಕಾದಂಬರಿಕಾರ

“ಬರೆಯುವವನಿಗೆ ಸಮಾಧಾನ ಸಿಗುವುದು ಯಾವಾಗ, ಗುರುಗಳೇ?” ಎಂದು ಚೆನ್ನವೀರ ಕೇಳಿದ.

ಅವನು ಮಠದಲ್ಲಿದ್ದುಕೊಂಡೇ ಕತೆ ಬರೆಯುತ್ತಿದ್ದ ಶಿಷ್ಯ. ಕೂತರೆ ಎದ್ದು ಓಡಾಡಬೇಕೆನಿಸುತ್ತದೆ, ಓಡಾಡಿದರೆ ಕೂತು ಬರೆಯಬೇಕೆನಿಸುತ್ತದೆ, ಪೂಜೆಯಲ್ಲೂ ಮನಸ್ಸು ನಿಲ್ಲುವುದಿಲ್ಲ, ಈ ಚಡಪಡಿಕೆ ತೊಲಗಿದರೆ ಚೆನ್ನಾಗಿ ಬರೆದೇನು ಎಂದು ಹೇಳಿಕೊಂಡ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪತ್ತೇದಾರಿ ಕಾದಂಬರಿಕಾರನಿದ್ದ. ಅವನ ಕಾದಂಬರಿಗಳು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದವು. ಅವನದೊಂದು ಕ್ರಮವಿತ್ತು. ಮೊದಲು ಕೊಲೆಗಾರ ಯಾರೆಂದು ಗೊತ್ತುಮಾಡಿಕೊಳ್ಳುವನು, ಆಮೇಲೆ ಕೊನೆಯಿಂದ ಮೊದಲಿಗೆ ದಾರಿ ಹಾಕಿಕೊಂಡು ಬರುವನು. ಎಲ್ಲಿ ಓದುಗನ ಕಣ್ಣು ತಪ್ಪಿಸಬೇಕು, ಎಲ್ಲಿ ಒಂದು ಸುಳಿವು ಬೀಳಿಸಬೇಕು ಎಂಬುದೆಲ್ಲ ಬರೆಯುವ ಮೊದಲೇ ತಿಳಿದಿರುತ್ತಿತ್ತು. ಹಾಗಾಗಿ ಅವನು ಹೊತ್ತಿಗೆ ಸರಿಯಾಗಿ ಬರೆದು, ಹೊತ್ತಿಗೆ ಸರಿಯಾಗಿ ಉಂಡು, ಕಣ್ತುಂಬ ನಿದ್ದೆ ಮಾಡುತ್ತಿದ್ದ.

ಒಂದು ಕಾದಂಬರಿಯಲ್ಲಿ ಮಾತ್ರ ಈ ಕ್ರಮ ಕೆಟ್ಟಿತು. ಅದರಲ್ಲಿ ಒಬ್ಬ ಜವಳಿ ವ್ಯಾಪಾರಿಯ ಕೊಲೆಯಾಗುತ್ತದೆ. ಆ ಮನೆಯಲ್ಲಿ ಇದ್ದವರು ಅವನ ತಮ್ಮ, ಅಡುಗೆಯವನು ಮತ್ತು ಸಂಗೀತ ಹೇಳಿಕೊಡುವ ಮೇಷ್ಟ್ರು. ಕೊಂದವನು ತಮ್ಮ ಎಂದು ಕಾದಂಬರಿಕಾರ ನಿಶ್ಚಯಿಸಿದ್ದ. ಅರ್ಧ ಬರೆದಾಗ ಒಂದು ಸನ್ನಿವೇಶ ಬಂತು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಎಲೆ ಹಾಕುತ್ತಾನೆ. ಮರೆತು ಅಣ್ಣನಿಗೂ ಒಂದು ಎಲೆ ಹಾಕುತ್ತಾನೆ. ಹಾಕಿದ ಮೇಲೆ ನೆನಪಾಗುತ್ತದೆ. ತೆಗೆಯಲು ಕೈ ಬರುವುದಿಲ್ಲ.

ಬರೆಯುತ್ತ ಬರೆಯುತ್ತ ತಾನಾಗಿ ಬಂದ ಸಾಲುಗಳು ಅವು. ಬರೆದವನು ಲೇಖನಿ ಕೆಳಗಿಟ್ಟು ಕೂತುಬಿಟ್ಟ. ಇವನು ಕೊಂದಿಲ್ಲ ಎಂದು ಅವನಿಗೆ ಗೊತ್ತಾಗಿಹೋಯಿತು. ಆ ಪುಟವನ್ನು ಹರಿದುಹಾಕಬಹುದಿತ್ತು. ಮನಸ್ಸಾಗಲಿಲ್ಲ. ಅದುವರೆಗೆ ಬರೆದದ್ದರಲ್ಲೆಲ್ಲ ಅದೊಂದೇ ಪುಟ ನಿಜವೆಂದು ತೋರಿತು.

ಪುಟ ಅಚ್ಚಾಯಿತು. ಕಾದಂಬರಿಗೆ ಕೊಲೆಗಾರನಿಲ್ಲದಂತಾಯಿತು. ಪತ್ರಿಕೆ ನಿಲ್ಲುವುದಿಲ್ಲ, ವಾರ ಬಂದರೆ ಕಂತು ಕೇಳುತ್ತದೆ. ಕಾದಂಬರಿಕಾರನ ನಿದ್ದೆ ಹಾರಿತು. ಸ್ನಾನಕ್ಕೆ ಹೋದವನು ಒಣಮೈಯಲ್ಲೇ ಈಚೆ ಬರುವನು. ಸಂತೆಗೆ ಹೋದರೆ ತರಕಾರಿ ಮಾರುವವರ ಕೈಗಳನ್ನೇ ನೋಡುತ್ತ ನಿಲ್ಲುವನು, ಈ ಕೈ ಕೊಂದೀತೇ ಎಂದು. ಅನ್ನ ಕಲಸಿದವನು ಕಲಸುತ್ತಲೇ ಇರುವನು. “ಉಣ್ಣುವಾಗಲಾದರೂ ಆ ಹೆಣವನ್ನು ಹೊರಗಿಟ್ಟು ಬನ್ನಿ,” ಎಂದಳು ಹೆಂಡತಿ. ಸಂಪಾದಕರು, ತಮ್ಮನ ಮೇಲೆಯೇ ಹೊರಿಸಿ ಮುಗಿಸಿಬಿಡಿ, ಯಾರು ಕೇಳುತ್ತಾರೆ ಎಂದರು. ಅದೂ ಸರಿಯೆನಿಸುತ್ತಿತ್ತು. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ.

ಹೀಗಿರುವಾಗ ಒಬ್ಬ ಹೆಂಗಸು ಅವನ ಮನೆಗೆ ಬಂದಳು. ಅವಳ ತಾಯಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮುದುಕಿ, ಹಾಸಿಗೆ ಹಿಡಿದಿದ್ದಳು. ವೈದ್ಯರು ಕೈಬಿಟ್ಟಿದ್ದರು. ಮಗಳು ಓದಿ ಹೇಳುವ ಈ ಧಾರಾವಾಹಿಯೊಂದೇ ಅವಳಿಗೆ ಉಳಿದ ಆಸೆ. ಕೊನೆಯ ಕಂತಿನವರೆಗೆ ತಾನು ಇರುವುದಿಲ್ಲ, ಕೊಂದವನು ಯಾರೆಂದು ಕೇಳಿಕೊಂಡು ಬಾ ಎಂದು ಕಳಿಸಿದ್ದಳು. ನೀವೇ ಬಂದು ಹೇಳಿದರೆ ದೊಡ್ಡ ಉಪಕಾರ ಎಂದು ಮಗಳು ಕೇಳಿಕೊಂಡಳು.

ಕಾದಂಬರಿಕಾರ ಹೋದ. ದಾರಿಯುದ್ದಕ್ಕೂ ಯೋಚಿಸಿದ. ಸಾಯುವವಳಿಗೆ ಒಂದು ಹೆಸರು ಬೇಕು, ಕೊಟ್ಟರಾಯಿತು, ಅದರಿಂದ ಯಾರಿಗೆ ಕೇಡು? ಹಾಸಿಗೆಯ ಪಕ್ಕ ಕೂತು, ಕೊಂದವನು ತಮ್ಮ ಎಂದ.

ಮುದುಕಿ ಅವನ ಮುಖವನ್ನೇ ನೋಡಿದಳು. “ಸುಳ್ಳು ಹೇಳಬೇಡಿ. ಅವನು ಮರೆತು ಅಣ್ಣನಿಗೂ ಎಲೆ ಹಾಕಿದನಲ್ಲ. ಕೊಂದವನಿಗೆ ಸತ್ತದ್ದು ಮರೆಯುತ್ತದೆಯೇ?”

ಕಾದಂಬರಿಕಾರನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಹೇಳಲಾಗದ ಸಂತೋಷವೂ ಆಯಿತು. ತಾನೊಬ್ಬನೇ ಕಂಡೆ ಎಂದುಕೊಂಡಿದ್ದನ್ನು ಇನ್ನೊಬ್ಬರೂ ಕಂಡಿದ್ದರು. “ನನಗೆ ಗೊತ್ತಿಲ್ಲ ತಾಯಿ. ಕೊಂದವನು ನನಗೂ ಸಿಕ್ಕಿಲ್ಲ,” ಎಂದ.

“ಹಾಗಾದರೆ ಕೂತುಕೊಳ್ಳಿ, ಹುಡುಕೋಣ,” ಎಂದಳು ಮುದುಕಿ.

ಆಮೇಲೆ ಅವನು ಮಧ್ಯಾಹ್ನವಾದರೆ ಅಲ್ಲಿಗೆ ಹೋಗತೊಡಗಿದ. ಬರೆದದ್ದನ್ನು ಓದುವನು, ಮುದುಕಿ ಕಣ್ಣು ಮುಚ್ಚಿ ಕೇಳುವಳು. ಇವತ್ತು ಅಡುಗೆಯವನ ಮೇಲೆ ಸಂಶಯಪಟ್ಟರೆ ನಾಳೆ ಅವನ ಪರವಾಗಿ ತಾನೇ ವಾದಿಸುವಳು. ಆ ಮೇಷ್ಟ್ರು ಅಷ್ಟು ಮೆಲ್ಲಗೆ ಮಾತಾಡುವುದೇಕೆ ಎಂದು ಕೇಳುವಳು. ಉತ್ತರ ತಿಳಿಯದೆ ಕಾದಂಬರಿಕಾರ ಮನೆಗೆ ಓಡುವನು, ಬರೆದು ನೋಡುವನು, ಹೊಡೆದುಹಾಕುವನು, ಮತ್ತೆ ಬರೆಯುವನು. ತಳಮಳ ಮೊದಲಿಗಿಂತ ಹೆಚ್ಚಾಯಿತು. ಆದರೂ ಬೆಳಗಾದರೆ ಅದಕ್ಕಾಗಿಯೇ ಎದ್ದು ಕೂರುತ್ತಿದ್ದ. ತಾಯಿ ನೋವಿನ ಔಷಧಿ ಕೇಳುವುದನ್ನೂ ಮರೆಯುತ್ತಾಳೆ ಎಂದು ಮಗಳು ಹೇಳುತ್ತಿದ್ದಳು.

ಕಡೆಗೊಂದು ದಿನ ಕೆರೆಯ ಏರಿ ಮೇಲೆ ನಡೆಯುತ್ತಿದ್ದಾಗ ಅವನಿಗೆ ಕೊಲೆಗಾರ ಸಿಕ್ಕಿದ. ಬಿಡಿಬಿಡಿಯಾಗಿದ್ದದ್ದೆಲ್ಲ ಒಮ್ಮೆಗೇ ಹೊಂದಿಕೊಂಡಿತು. ಅವನು ಮುದುಕಿಯ ಮನೆಗೆ ಓಡಿದ. ಅವಳಿಗೆ ಮೇಲುಸಿರು ಹತ್ತಿತ್ತು. ಬಾಗಿಲಲ್ಲಿ ಅವನ ಮುಖ ಕಂಡದ್ದೇ ಅವಳಿಗೆ ತಿಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದಳು.

“ಹೇಳಬೇಡಿ. ಬರೆದುಕೊಂಡು ಬನ್ನಿ. ಅಲ್ಲಿಯವರೆಗೆ ನಾನೂ ಹುಡುಕುತ್ತೇನೆ.”

ಅವನು ಮನೆಗೆ ಹೋಗಿ, ತಲೆ ಎತ್ತದೆ ಬರೆದ. ಹಾಳೆಗಳನ್ನು ಹಿಡಿದುಕೊಂಡು ಬರುವಷ್ಟರಲ್ಲಿ ಮುದುಕಿ ತೀರಿಕೊಂಡಿದ್ದಳು. ಕೊನೆಯವರೆಗೂ ಅವಳ ತುಟಿ ಅಲುಗುತ್ತಿತ್ತಂತೆ. ಮಗಳು ಕಿವಿಗೊಟ್ಟಾಗ, ಅಡುಗೆಯವನಲ್ಲ, ಅಡುಗೆಯವನಲ್ಲ ಎನ್ನುತ್ತಿದ್ದಳಂತೆ. ಆಗಲೇ ಹೇಳಿಬಿಡಬೇಕಿತ್ತು ಎಂದು ಕಾದಂಬರಿಕಾರ ಅತ್ತ. ಹೇಳಿದ್ದರೆ ಅಮ್ಮ ನಿಮ್ಮನ್ನು ಕ್ಷಮಿಸುತ್ತಿರಲಿಲ್ಲ ಎಂದಳು ಮಗಳು.

ಆ ಕಾದಂಬರಿ ಮುಗಿದ ವಾರವೇ ಅವನು ಹೊಸದನ್ನು ಹಿಡಿದ. ಈ ಸಲ ಕೊಲೆಗಾರನನ್ನು ಗೊತ್ತುಮಾಡಿಕೊಳ್ಳದೆಯೇ ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನಿಗೆ ಕೂತಲ್ಲಿ ಕೂರಲಾಗಲಿಲ್ಲ. “ಹಾಗಾದರೆ ಕೊಂದವನು ಯಾರು, ಗುರುಗಳೇ? ಅದನ್ನು ತಿಳಿಯದೆ ನನಗೆ ಸಮಾಧಾನವಿಲ್ಲ,” ಎಂದ.

“ಸಾಯುವ ಮುದುಕಿಯೇ ಬೇಡವೆಂದ ಸಮಾಧಾನ, ಬರೆಯುವ ನಿನಗೇಕಪ್ಪಾ?” ಎಂದರು ಗುರುಗಳು.