ಹುತ್ತದೊಳಗಿನ ಹುಳುಹಾವು

ಹಳೆಯ ಹುತ್ತವೊಂದರಲ್ಲಿ ಎರೆಹುಳುವಿನಷ್ಟೇ ಗಾತ್ರದ ಹುಳುಹಾವೊಂದು ಗೆದ್ದಲು ತಿಂದುಕೊಂಡು, ಮೊಟ್ಟೆಯಿಟ್ಟು ಬದುಕಿತ್ತು. ಒಂದು ದಿನ ನಾಗರಹಾವು ಒಳಗೆ ನುಗ್ಗಿ ಹೆಡೆಯೆತ್ತಿತು.

"ನಿನಗೆ ಹೆಡೆಯಿಲ್ಲ, ವಿಷವಿಲ್ಲ, ಕಣ್ಣೂ ನೆಟ್ಟಗಿಲ್ಲ. ನೀನು ಹಾವಲ್ಲ, ಎರೆಹುಳು ಎಂದು ಒಪ್ಪಿಕೊಂಡರೆ ಇಲ್ಲಿರು. ಇಲ್ಲದಿದ್ದರೆ ಜಾಗ ಖಾಲಿ ಮಾಡು."

"ನಾನೂ ಪೊರೆ ಬಿಡುತ್ತೇನೆ, ನನಗೂ ಸೀಳುನಾಲಿಗೆಯಿದೆ. ನಾನು ಹಾವೇ. ಒಪ್ಪುವುದೂ ಇಲ್ಲ, ಹೋಗುವುದೂ ಇಲ್ಲ," ಎಂದಿತು ಹುಳುಹಾವು.

ನಾಗರಹಾವು ಕಚ್ಚಲು ಬಾಗುವಷ್ಟರಲ್ಲಿ ಹೊರಗೆ ಮುಂಗುಸಿ ಮಣ್ಣು ಕೆರೆಯುವ ಸದ್ದಾಯಿತು. "ಹಾವಿನ ವಾಸನೆ ಬರುತ್ತಿದೆ. ಒಳಗೆ ಯಾರಿದ್ದೀರಿ?"

ನಾಗರಹಾವಿನ ಹೆಡೆ ಮುದುಡಿತು. "ಯಾರೂ ಇಲ್ಲ ಸ್ವಾಮಿ, ಬರೀ ಎರೆಹುಳುಗಳು," ಎಂದು ಸಣ್ಣ ದನಿಯಲ್ಲಿ ಹೇಳಿತು.

ಮುಂಗುಸಿ ನಂಬಲಿಲ್ಲ, ಮತ್ತೆ ಕೆರೆಯತೊಡಗಿತು. ಹೀಗೇ ಅಗೆದರೆ ತನ್ನ ಮೊಟ್ಟೆಗಳು ಉಳಿಯುವುದಿಲ್ಲವೆಂದು ಹುಳುಹಾವಿಗೆ ಗೊತ್ತಾಯಿತು. ಅದು ಬೆಳಕಿಗೆ ಹರಿದುಬಂದು ಮುಂಗುಸಿಯ ಮೂತಿಯ ಮುಂದೆಯೇ ತಲೆಯೆತ್ತಿತು.

"ವಾಸನೆ ನನ್ನದು. ಹಾವು ನಾನೇ. ಇದು ನನ್ನ ಮನೆ, ಅಗೆಯಬೇಡ!"

ಮುಂಗುಸಿ ಮೂಸಿ ನೋಡಿತು. "ಹೌದು, ಹಾವೇ. ಆದರೆ ನನ್ನ ಹಲ್ಲಿನ ಸಂದಿಗೂ ಸಾಲದು," ಎಂದು ಹೊರಟುಹೋಯಿತು.

ಹುಳುಹಾವು ಒಳಗೆ ತಿರುಗಿ, "ಈಗ ನೀನು ಹೊರಡು," ಎಂದಿತು.

ನಾಗರಹಾವು ಹೆಡೆ ಬಿಚ್ಚದೆ ಹರಿದುಹೋಯಿತು.